ಯಾರಿಗೂ ಹೇಳದೆ ಮಾಡಿದ ರಿಪೇರಿ

ನಮ್ಮ ಮನೆಯ ಗ್ಯಾಸ್ ಒಲೆಗೆ ಬೆಳಿಗ್ಗೆ ಒಂದು ಸ್ವಭಾವ, ಸಂಜೆ ಇನ್ನೊಂದು. ಬೆಳಿಗ್ಗೆ ಅಮ್ಮ ಅಡುಗೆ ಮಾಡುವಾಗ ಉರಿ ಬುಸುಗುಡುತ್ತ ಬರ್ನರನ್ನೇ ಬಿಟ್ಟು ಮೇಲಕ್ಕೆ ನೆಗೆಯುವುದು. ಕಿಟಕಿಯಿಂದ ಒಂದು ಸುಳಿ ಗಾಳಿ ಬಂದರೆ ಸಾಕು, ಆರಿಹೋಗುವುದು. ಸಂಜೆ ಚಿಕ್ಕಮ್ಮ ಅಡುಗೆ ಮಾಡುವಾಗ ಅದೇ ಉರಿ ಹಳದಿಯಾಗಿ, ಸೋಮಾರಿಯಾಗಿ, ಪಾತ್ರೆಯ ತಳವನ್ನೆಲ್ಲ ನೆಕ್ಕಿ ಮಸಿ ಬಳಿದುಬಿಡುವುದು.

"ಥೇಟ್ ನನ್ನ ಚಿಕ್ಕ ಮಗನೇ," ಎನ್ನುತ್ತಿದ್ದಳು ಅಜ್ಜಿ, ಚಿಕ್ಕಪ್ಪನಿಗೆ ಕೇಳಿಸುವ ಹಾಗೆ. "ಬೆಳಿಗ್ಗೆ ಹಾರಾಟ, ಸಂಜೆ ತೂಕಡಿಕೆ."

ಚಿಕ್ಕಪ್ಪ ಬ್ರೆಡ್ ಸಾಗಿಸುವ ವ್ಯಾನು ಓಡಿಸುತ್ತಾನೆ. ನಸುಕಿನಲ್ಲೇ ಬೇಕರಿಯಿಂದ ಹೊರಟು ಅಂಗಡಿ ಅಂಗಡಿ ಸುತ್ತಿ ಬಂದವನು ಸಂಜೆ ಕೂತಲ್ಲೇ ತೂಕಡಿಸುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಅಪ್ಪ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಾರೆ. ಮನೆಗೆ ಬಂದ ಮೇಲೂ ದಿನಸಿ ಪೊಟ್ಟಣದ ಕಾಗದದಲ್ಲಿ ತಪ್ಪು ಹುಡುಕುತ್ತಾರೆ. ಅಮ್ಮ ಮಧ್ಯಾಹ್ನದಿಂದ ರಾತ್ರಿಯವರೆಗೆ ಹೊಲಿಗೆ ಮೆಷಿನ್ನಿನ ಮುಂದೆ. ಚಿಕ್ಕಮ್ಮ ಬೆಳಿಗ್ಗೆಯೇ ಆಸ್ಪತ್ರೆಯ ಲ್ಯಾಬಿಗೆ ಹೋಗಿ ರಕ್ತ ಪರೀಕ್ಷೆ ಮಾಡಿ ಸಂಜೆಗೆ ಬರುತ್ತಾಳೆ. ಹಾಗಾಗಿ ಯಾರೂ ಕೂತು ನಿರ್ಧರಿಸದೆಯೇ, ಬೆಳಗಿನ ಒಲೆ ಅಮ್ಮನದು, ಸಂಜೆಯ ಒಲೆ ಚಿಕ್ಕಮ್ಮನದು ಎಂದು ಎಷ್ಟೋ ವರ್ಷಗಳಿಂದ ನಡೆದುಬಂದಿತ್ತು. ಅಡುಗೆಮನೆಯ ಬಾಗಿಲ ಪಕ್ಕದ ಬೆತ್ತದ ಕುರ್ಚಿ ಮಾತ್ರ ಎರಡೂ ಹೊತ್ತು ಅಜ್ಜಿಯದು.

ನಾನು ಪದವಿ ಮುಗಿಸಿ, ಹಾಕಿದ ಅರ್ಜಿಗಳಿಗೆ ಉತ್ತರ ಕಾಯುತ್ತ ಮನೆಯಲ್ಲಿದ್ದೆ. ಮಾತು ನನಗೆ ಸುಲಭವಾಗಿ ಬರುವುದಿಲ್ಲ. ಬಾಯಿಗೆ ಬರುವ ಹೊತ್ತಿಗೆ ಅದನ್ನು ಹೇಳುವ ಸಮಯ ದಾಟಿರುತ್ತದೆ. ಬಾಗಿಲು ತೆಗೆದ ಸದ್ದೂ ಆಗದ ಹಾಗೆ ಓಡಾಡುತ್ತೇನೆಂದು ಚಿಕ್ಕಪ್ಪ ನನ್ನನ್ನು ಇಲಿಮರಿ ಎಂದೇ ಕರೆಯುವುದು. ಆದರೆ ಸಂಜೆ, ಚಿಕ್ಕಮ್ಮ ಒಲೆಯ ಮುಂದೆ ನಿಂತಾಗ, ನಾನು ಪಕ್ಕದ ಮಣೆಯ ಮೇಲೆ ಕೂತು ಆಲೂಗೆಡ್ಡೆ ಸಿಪ್ಪೆ ತೆಗೆಯುತ್ತ ಮಾತಾಡುತ್ತಿದ್ದೆ. ಅವಳ ಹತ್ತಿರ ಅದು ಕಷ್ಟವಾಗುತ್ತಿರಲಿಲ್ಲ, ಏಕೆಂದರೆ ಅವಳು ನನ್ನ ಮುಖ ನೋಡುತ್ತಿರಲಿಲ್ಲ; ಬಾಣಲೆ ನೋಡುತ್ತಿದ್ದಳು. ನಾನು ಅರ್ಧಕ್ಕೆ ನಿಲ್ಲಿಸಿದರೆ "ಹೂಂ, ಆಮೇಲೆ?" ಎಂದೂ ಕೇಳುತ್ತಿರಲಿಲ್ಲ. ಈರುಳ್ಳಿ ಬಾಡಿಸುತ್ತ ಕಾಯುತ್ತಿದ್ದಳು. ದಿನದ ನನ್ನ ಮಾತೆಲ್ಲ ಆ ಒಂದು ಗಂಟೆಯಲ್ಲಿ ಖರ್ಚಾಗುತ್ತಿತ್ತು.

ಒಂದು ರಾತ್ರಿ ಊಟಕ್ಕೆ ಕೂತಾಗ ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡ.

"ಮೇಲಿನ ರೂಮು ಖಾಲಿ ಆಯ್ತಲ್ಲ, ಬಾಡಿಗೆಗಿದ್ದ ಫೋಟೋದವನು ಬಿಟ್ಟು ಹೋದ. ನಾವಿಬ್ಬರು ಅಲ್ಲಿಗೆ ಹೋಗೋದು ಅಂತ ಯೋಚನೆ ಮಾಡಿದ್ದೀವಿ. ಒಂದು ಒಲೆ ನೋಡಿ ಬಂದಿದ್ದೀನಿ, ಅಣ್ಣ. ಭಾನುವಾರ ತರ್ತೀನಿ. ಅಡುಗೆನೂ ಅಲ್ಲೇ ಮಾಡ್ಕೊಂಡ್ರೆ ಎಲ್ಲರಿಗೂ ಸಲೀಸು."

ಯಾರೂ ಬೇಡವೆನ್ನಲಿಲ್ಲ. ಅಪ್ಪ, "ಒಳ್ಳೇದಾಯ್ತು ಬಿಡು," ಎಂದರು, ಒಂದೂ ತಪ್ಪಿಲ್ಲದ ವಾಕ್ಯವನ್ನು ಓದಿದ ಹಾಗೆ. ಅಮ್ಮ, "ಅವಳಿಗೂ ಹಗುರ ಆಗುತ್ತೆ," ಎಂದಳು. ಚಿಕ್ಕಮ್ಮ, "ಅಕ್ಕನಿಗೂ ಸ್ವಲ್ಪ ನೆಮ್ಮದಿ," ಎಂದಳು. ಇಬ್ಬರೂ ನಕ್ಕರು. ಅಮ್ಮನ ಕೈಯ ಸೌಟು ಅನ್ನದ ಪಾತ್ರೆಯ ಮೇಲೆ ಹಾಗೇ ನಿಂತಿತ್ತು. ಚಿಕ್ಕಮ್ಮನ ತಟ್ಟೆಯಲ್ಲಿ ಅನ್ನವಿರಲಿಲ್ಲ. ಬಡಿಸಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಮೇಲಿನ ಕೋಣೆಗೆ ಹೊರಗಿನಿಂದ ಮೆಟ್ಟಿಲು. ಅಲ್ಲಿಗೂ ಹೋಗಬಹುದು, ನಿಜ. ಆದರೆ ಅಲ್ಲಿ ಒಂದು ಬಾಗಿಲಿರುತ್ತದೆ. ಕಾರಣವಿಲ್ಲದೆ ಬಾಗಿಲು ತಟ್ಟುವುದು ನನ್ನಿಂದ ಆಗದ ಕೆಲಸ. ಇಲ್ಲಿ ಅಡುಗೆಮನೆಯ ಬಾಗಿಲಿಗೆ ಕದವೇ ಇರಲಿಲ್ಲ, ಸುಮ್ಮನೆ ಹೋಗಿ ಕೂರಬಹುದಿತ್ತು. ಚಿಕ್ಕಮ್ಮ ಮೇಲೆ ಹೋದರೆ ಮೊದಲ ದಿನ ಹೋಗುತ್ತೇನೆ, ಎರಡನೆಯ ದಿನ ಸಕ್ಕರೆ ಕೇಳುವ ನೆಪದಲ್ಲಿ ಹೋಗುತ್ತೇನೆ, ಆಮೇಲೆ ಮೆಟ್ಟಿಲ ಕೆಳಗೆ ನಿಂತು ವಾಪಸು ಬರುತ್ತೇನೆ. ನನ್ನನ್ನು ನಾನು ಬಲ್ಲೆ.

ಇದೆಲ್ಲ ಆ ಒಲೆಯಿಂದಲೇ ಆದದ್ದೆಂದು ನನಗೆ ಗೊತ್ತಿತ್ತು. ಅದಕ್ಕೆ ಕಾರಣವಿದೆ: ನಮ್ಮ ಮನೆಯಲ್ಲಿ ಯಾರೂ ನನ್ನ ಎದುರು ಏನನ್ನೂ ಮುಚ್ಚಿಡುತ್ತಿರಲಿಲ್ಲ. ನನ್ನ ಮುಂದೆ ಮಾಡಿದ್ದು ಗೋಡೆಯ ಮುಂದೆ ಮಾಡಿದ ಹಾಗೆ.

ಮೊದಲು ಅಮ್ಮ. ಒಂದು ಬೆಳಿಗ್ಗೆ ಹಾಲು ಕಾಯಿಸಲು ಹಚ್ಚಿದಾಗ ಉರಿ ಮೇಣದ ಬತ್ತಿಯ ಹಾಗೆ ಹಳದಿಯಾಗಿ ತೊನೆಯಿತು. ಅಮ್ಮ ಅದನ್ನು ಆರಿಸಿ, ಮೆಷಿನ್ನಿನ ಖಾನೆಯಿಂದ ಪುಟ್ಟ ಸ್ಕ್ರೂ ಡ್ರೈವರ್ ತಂದು, ಒಲೆಯ ಮುಂಭಾಗವನ್ನು ಮೆಲ್ಲನೆ ಎತ್ತಿ ಕೆಳಗೆ ಕೈ ಹಾಕಿದಳು. ಬರ್ನರಿನ ಕೊಳವೆಯ ಬುಡದಲ್ಲಿ ಗಾಳಿ ಒಳಗೆ ಹೋಗಲೆಂದು ಒಂದು ಕಿಂಡಿ, ಅದರ ಸುತ್ತ ತಗಡಿನ ಉಂಗುರ. ಉಂಗುರವನ್ನು ತಿರುಗಿಸಿ ಕಿಂಡಿಯನ್ನು ಪೂರ್ತಿ ತೆರೆದಳು. ಮತ್ತೆ ಹಚ್ಚಿದರೆ ಉರಿ ನೀಲಿಯಾಗಿ ಬುಸುಗುಟ್ಟಿತು. ಆಮೇಲೆ ಹಿಂದಿನ ರಾತ್ರಿಯ ಪಾತ್ರೆಗಳನ್ನು ಸಿಂಕಿಗೆ ಹಾಕಿಕೊಂಡು, ಮಸಿ ಹೋಗುವವರೆಗೂ ಗರಗರ ಉಜ್ಜಿದಳು.

"ಯಾರಿಗೂ ಹೇಳ್ಬೇಡ ಕಣೇ," ಎಂದಳು ನನಗೆ. "ಅವಳು ಆಸ್ಪತ್ರೆಯಿಂದ ಸುಸ್ತಾಗಿ ಬಂದು ಅಡುಗೆ ಮಾಡ್ತಾಳೆ. ನಿನ್ನಿಂದ ಒಲೆ ಕೆಟ್ಟಿದೆ ಅಂದ ಹಾಗಾಗುತ್ತೆ."

ಅದೇ ಸಂಜೆ ಚಿಕ್ಕಮ್ಮ ಒಲೆ ಹಚ್ಚಿದಳು. ಉರಿ ನೆಗೆದು ಆರಿತು. ಮತ್ತೆ ಹಚ್ಚಿದಳು, ಮತ್ತೆ ಆರಿತು. ಆರಿದಾಗಲೆಲ್ಲ ನಾಬ್ ತಿರುಗಿಸಿ, ಕಿಟಕಿ ತೆರೆದು, ವಾಸನೆ ಹೋಗುವವರೆಗೆ ಸೆರಗಿನಿಂದ ಗಾಳಿ ಬೀಸುತ್ತ ನಿಲ್ಲಬೇಕಾಯಿತು. ಕೊನೆಗೆ ಕತ್ತರಿ ತಂದಳು. ಅದೇ ಉಂಗುರ, ಅದೇ ಸ್ಕ್ರೂ. ಕತ್ತರಿಯ ತುದಿಯಿಂದ ಸಡಿಲಿಸಿ ಕಿಂಡಿಯನ್ನು ಪೂರ್ತಿ ಮುಚ್ಚಿದಳು.

"ಅಕ್ಕನಿಗೆ ಹೇಳ್ಬೇಡ. ಅವರ ಒಲೆಗೆ ನಾನು ಕೈ ಹಾಕಿದೆ ಅಂತ ನೊಂದ್ಕೋತಾರೆ." ಬಾಣಲೆ ಇಡುತ್ತ ಮೆಲ್ಲನೆ ಸೇರಿಸಿದಳು, "ಬೆಳಿಗ್ಗೆ ಅವರು ಪಾತ್ರೆ ಉಜ್ಜೋ ಸದ್ದು ನಿನಗೂ ಕೇಳಿಸುತ್ತಲ್ವಾ? ನನ್ನ ಎದೆ ಮೇಲೇ ಉಜ್ಜಿದ ಹಾಗಾಗುತ್ತೆ. ಬಾಯಿಬಿಟ್ಟು ಬೈದಿದ್ರೂ ಇಷ್ಟು ಅನ್ನಿಸ್ತಿರ್ಲಿಲ್ಲ."

ನಾನು ಆಲೂಗೆಡ್ಡೆ ಕೈಯಲ್ಲಿ ಹಿಡಿದು ಕೂತೇ ಇದ್ದೆ. ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ನಾವು ದಿನವೂ ಹಚ್ಚುತ್ತಿದ್ದ ಬರ್ನರಿಗೂ ಇಂಥದ್ದೇ ಉಂಗುರ. ಗಾಳಿ ಕಡಿಮೆಯಾದರೆ ಹಳದಿ, ಮಸಿ. ಹೆಚ್ಚಾದರೆ ಉರಿ ನೆಲೆ ಬಿಟ್ಟು ಹಾರುತ್ತದೆ. ನಡುವೆ ಎಲ್ಲೋ ಒಂದು ಕಡೆ ಸದ್ದಿಲ್ಲದ ನೀಲಿ. ಇಷ್ಟನ್ನು ಹೇಳಲು ಎರಡು ವಾಕ್ಯ ಸಾಕಿತ್ತು. ಆದರೆ ಎರಡು ಕಡೆಯೂ "ಹೇಳ್ಬೇಡ" ಎಂದಿದ್ದರು.

ಅವರಿಬ್ಬರದೇ ಆಗಿದ್ದರೆ ಹೇಗೋ ಆಗುತ್ತಿತ್ತು. ಒಂದು ಮಧ್ಯಾಹ್ನ ನಾನು ನೀರು ಕುಡಿಯಲು ಹೋದಾಗ ಅಜ್ಜಿ ಕುರ್ಚಿ ಬಿಟ್ಟೆದ್ದು ಒಲೆಯ ಮುಂದೆ ನಿಂತಿದ್ದಳು. ಕೈಯಲ್ಲಿ ಗೋಣಿಚೀಲ ಹೊಲಿಯುವ ದಬ್ಬಳ. ಬಲಗಡೆಯ ಬರ್ನರಿನ ತೂತುಗಳಿಗೆ ಒಂದೊಂದಾಗಿ ಅದನ್ನು ತೂರಿಸಿ ತಿರುವುತ್ತಿದ್ದಳು, ಕಿವಿ ಚುಚ್ಚುವವರ ಏಕಾಗ್ರತೆಯಿಂದ.

"ಸೀಮೆಎಣ್ಣೆ ಪಂಪ್ ಸ್ಟೌ ಇದ್ದಾಗ ದಿನಾ ಪಿನ್ನು ಹಾಕ್ತಿದ್ದೆ. ಈಗಿನವರಿಗೆ ಪಿನ್ನು ಅಂದ್ರೆ ಫೋನಿಂದು," ಎಂದಳು. "ಉಸಿರು ಕಟ್ಟಿದೆ ಇದಕ್ಕೆ, ಅಷ್ಟೆ. ನಿಮ್ಮಮ್ಮಂಗೂ ಹೇಳ್ಬೇಡ, ಚಿಕ್ಕಮ್ಮಂಗೂ ಹೇಳ್ಬೇಡ. ಇಬ್ಬರೂ ಸೊರಗಿ ಹೋಗಿದ್ದಾರೆ. ತಾನಾಗೇ ಸರಿಹೋಯ್ತು ಅಂದ್ಕೊಳ್ಲಿ."

ಸರಿಹೋಗಲಿಲ್ಲ. ದಬ್ಬಳದ ಗಾತ್ರಕ್ಕೆ ಎರಡು ತೂತುಗಳು ಹರಿದು ಒಂದಾಗಿ, ಅಲ್ಲಿಂದ ಒಂದು ಉದ್ದ ನಾಲಿಗೆಯಂಥ ಉರಿ ಚಾಚತೊಡಗಿತು.

ಚಿಕ್ಕಪ್ಪ ನಾಬ್ ಬಿಗಿಯಾಗಿದೆಯೆಂದು ಅದನ್ನು ಕಿತ್ತು, ವ್ಯಾನಿನ ಗ್ರೀಸು ಬಳಿದು ಕೂರಿಸಿದ. ಎರಡು ದಿನ ಬೆಣ್ಣೆಯ ಹಾಗೆ ತಿರುಗಿತು. ಮೂರನೆಯ ದಿನ ಒಲೆಯ ಬಿಸಿಗೆ ಗ್ರೀಸು ಕರಗಿ ಇಳಿದು, ಹಿಟ್ಟು, ಧೂಳು ಎಲ್ಲ ಸೇರಿ ಗೋಂದಾಯಿತು. ಆಮೇಲೆ ಅಮ್ಮ ಎರಡೂ ಕೈಯಲ್ಲಿ ತಿರುಗಿಸಬೇಕಾಯಿತು. "ಇಲಿಮರಿ, ಬಾಯಿ ಮೇಲೆ ಬೆರಳು," ಎಂದಿದ್ದ ನನಗೆ, ಕಣ್ಣು ಹೊಡೆದು.

ಅಪ್ಪನದು ಇನ್ನೂ ಮೆತ್ತನೆಯ ರಿಪೇರಿ. ರಾತ್ರಿ ಮಲಗುವ ಮುಂಚೆ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡುವುದು ಅವರ ಅಭ್ಯಾಸ, ಒಳ್ಳೆಯದೇ. ಆದರೆ ಉರಿ ಹಾರುವುದನ್ನು ಕಂಡ ಮೇಲೆ ಬೆಳಿಗ್ಗೆ ಅದನ್ನು ಅರ್ಧಕ್ಕೇ ತಿರುಗಿಸಿ ಬಿಡುತ್ತಿದ್ದರು. "ಅರ್ಧ ತೆರೆದ್ರೆ ಅಪಾಯವೂ ಅರ್ಧ," ಎಂದು ನನಗೆ ವಿವರಿಸಿದ್ದರು. ಅದರಿಂದ ಆದದ್ದು, ಎರಡು ಬರ್ನರು ಒಟ್ಟಿಗೆ ಹಚ್ಚಿದರೆ ಎರಡೂ ಬಸವಳಿದು ಅಕ್ಕಿ ಬೇಯುವುದಕ್ಕೆ ಯುಗವಾಗುತ್ತಿತ್ತು. ತಡವಾದದ್ದಕ್ಕೆ ಅಮ್ಮ ಒಲೆಯನ್ನು ದೂರಲಿಲ್ಲ. ತಾನೇ ಇನ್ನೂ ಬೇಗ ಎದ್ದಳು. ಚಿಕ್ಕಮ್ಮನೂ ದೂರಲಿಲ್ಲ, ಬಸ್ಸಿಳಿದು ಓಡಿ ಬರತೊಡಗಿದಳು.

ಇಷ್ಟೊಂದು ಪ್ರೀತಿಯನ್ನು ತಡೆದುಕೊಳ್ಳುವ ಶಕ್ತಿ ಯಾವ ಒಲೆಗಿದೆ?

ಶುಕ್ರವಾರ ಸಂಜೆ ಹೇಳಿಯೇಬಿಡಬೇಕೆಂದು ಕೂತೆ. ಚಿಕ್ಕಮ್ಮ ಗೋಡೆಯ ಕಪಾಟಿನಿಂದ ತನ್ನ ಪಾಲಿನ ಡಬ್ಬಿಗಳನ್ನು ಇಳಿಸಿ ಒರೆಸುತ್ತಿದ್ದಳು.

"ಚಿಕ್ಕಮ್ಮ, ನಿನಗೆ ಮೇಲೆ ಹೋಗೋಕೆ ಇಷ್ಟಾನಾ?"

ಅವಳು ಮೊದಲ ಸಲ ಕೈಯ ಕೆಲಸ ಬಿಟ್ಟು ನನ್ನ ಮುಖ ನೋಡಿದಳು. "ಇಷ್ಟದ ಮಾತಲ್ಲ ಪುಟ್ಟಾ. ಅಕ್ಕ ಎಷ್ಟು ದಿನ ಅಂತ ನನ್ನ ಮಸಿ ಉಜ್ತಾರೆ? ಅವರಾಗೇ ಹೋಗು ಅನ್ನೋರಲ್ಲ. ನಾವೇ ತಿಳ್ಕೊಂಡು ಹೋಗ್ಬೇಕು."

ಮುಖ ನೋಡಿದ್ದಕ್ಕೆ ನನ್ನ ಮಾತು ಓಡಿಹೋಯಿತು. ಶನಿವಾರ ಬೆಳಿಗ್ಗೆ ಅಮ್ಮನನ್ನು ಕೇಳಿದೆ. ಅಮ್ಮ ಹಾಲು ಉಕ್ಕುವುದನ್ನೇ ನೋಡುತ್ತ, "ಅವಳಿಗೆ ಈ ಹಳೇ ಒಲೆ ಸಾಕಾಗಿದೆ. ನನ್ನ ಹತ್ತಿರ ಹೇಳೋಕೆ ಸಂಕೋಚ, ಪಾಪ. ಹೋಗ್ಲಿ ಬಿಡು, ಅವಳಿಗೂ ತನ್ನದು ಅಂತ ಒಂದು ಮನೆ ಬೇಡ್ವಾ?" ಎಂದಳು. ಆಮೇಲೆ ಹಾಲಿನ ಪಾತ್ರೆ ಇಳಿಸಿ, ಉರಿಯನ್ನು ಆರಿಸಲು ಮರೆತು, ಬರಿಯ ಬರ್ನರಿನ ಎದುರು ಸ್ವಲ್ಪ ಹೊತ್ತು ನಿಂತಳು.

ಹೇಳಿದರೆ ಎಲ್ಲರ ಗುಟ್ಟನ್ನೂ ಎಲ್ಲರ ಎದುರು ರಟ್ಟು ಮಾಡಿದ ಹಾಗೆ. ಅಪ್ಪ ನಾಚಿಕೊಳ್ಳುತ್ತಾರೆ, ಚಿಕ್ಕಪ್ಪ ಮುಖ ಊದಿಸುತ್ತಾನೆ, ಅಮ್ಮ "ಹೇಳ್ಬೇಡ ಅಂದಿದ್ದೆ" ಎನ್ನುವ ಕಣ್ಣಲ್ಲಿ ನೋಡುತ್ತಾಳೆ. ಹೇಳದಿದ್ದರೆ ಚಿಕ್ಕಮ್ಮ ಮೆಟ್ಟಿಲು ಹತ್ತಿ ಹೋಗುತ್ತಾಳೆ. ಎರಡೂ ಬೇಡವೆನಿಸಿ ಇಡೀ ಶನಿವಾರ ಮನೆಯ ಕಿಟಕಿಗಳ ಗಾಜೆಲ್ಲ ಒರೆಸಿದೆ.

ಭಾನುವಾರ ಊಟದ ಹೊತ್ತಿಗಿಂತ ಮುಂಚೆ ವ್ಯಾನು ಬಂದು ನಿಂತಿತು. ಚಿಕ್ಕಪ್ಪ ದೊಡ್ಡದೊಂದು ರಟ್ಟಿನ ಪೆಟ್ಟಿಗೆಯನ್ನು ಮಗುವಿನಂತೆ ಎದೆಗೊತ್ತಿಕೊಂಡು ತಂದು ನಡುಮನೆಯಲ್ಲಿಟ್ಟ.

"ಮೂರು ಬರ್ನರು! ಮೇಲೆ ಪೂರ್ತಿ ಗಾಜು! ಅತ್ತಿಗೆ, ಬನ್ನಿ ನೋಡಿ."

"ಗಾಜಿನಲ್ಲಿ ಮುಖ ನೋಡ್ಕೊಂಡು ತಲೆ ಬಾಚ್ಕೋಬಹುದು," ಎಂದಳು ಅಜ್ಜಿ. "ಅನ್ನ ಬೇಯುತ್ತಾ?"

"ನಿಂಗೆ ಹೊಸದು ಏನು ತಂದ್ರೂ ಇದೇ ಮಾತು, ಅಮ್ಮ."

"ನಿನ್ನನ್ನೂ ಹೊಸದಾಗಿ ತಂದಾಗ ಇದೇ ಮಾತು ಅಂದಿದ್ದೆ."

ಅಪ್ಪ ಪೆಟ್ಟಿಗೆಯ ಮೇಲಿನ ಅಕ್ಷರ ಓದತೊಡಗಿದ್ದರು. ಅಮ್ಮ, ಚಿಕ್ಕಮ್ಮ ಪೆಟ್ಟಿಗೆಯ ಆಚೆಗೊಬ್ಬರು ಈಚೆಗೊಬ್ಬರು, ತುಂಬ ಚೆನ್ನಾಗಿದೆ, ತುಂಬ ಚೆನ್ನಾಗಿದೆ ಎನ್ನುತ್ತಿದ್ದರು. ಚಿಕ್ಕಪ್ಪ ಟೇಪು ಕತ್ತರಿಸಲು ಬ್ಲೇಡು ಹುಡುಕಿದ. ಟೇಪು ಕತ್ತರಿಸಿದರೆ ಮುಗಿಯಿತು ಎಂದು ನನಗನ್ನಿಸಿತು.

ಅಡುಗೆಮನೆಗೆ ಹೋದೆ. ಒಲೆ ತಣ್ಣಗಿತ್ತು. ರೆಗ್ಯುಲೇಟರ್ ಬಂದ್ ಮಾಡಿದೆ, ಕಿಟಕಿ ತೆರೆದೆ. ಕಟ್ಟೆಯ ಮೇಲೆ ಹಳೆಯ ಪತ್ರಿಕೆ ಹಾಸಿ, ಪಾತ್ರೆ ಕೂರುವ ಕಬ್ಬಿಣದ ಕಾಲುಗಳನ್ನು ತೆಗೆದೆ, ಎರಡೂ ಬರ್ನರಿನ ತಲೆಗಳನ್ನು ಎತ್ತಿ ಸಾಲಾಗಿ ಇಟ್ಟೆ. ಇಲ್ಲಿಯವರೆಗಿನದು ಕೈಯ ಕೆಲಸ, ಸುಲಭ. ಇನ್ನು ಮುಂದಿನದು ಬಾಯಿಯದು. ಯಾರ ಗುಟ್ಟನ್ನೂ ಹೇಳುವುದಿಲ್ಲ, ಸಾಮಾನು ಮಾತ್ರ ಕೇಳುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ.

"ಅಜ್ಜಿ, ನಿನ್ನ ದಬ್ಬಳ ಕೊಡ್ತೀಯಾ?"

ನನ್ನ ದನಿ ಬಾಗಿಲವರೆಗೂ ಹೋಗಲಿಲ್ಲ. ಇನ್ನೊಮ್ಮೆ ಕೂಗಿದೆ. ಇಷ್ಟು ಜೋರಾದ ದನಿ ನನ್ನದೇ ಎಂದು ನನಗೇ ನಂಬಿಕೆ ಬರಲಿಲ್ಲ. ಎಲ್ಲರೂ ಬಂದು ಬಾಗಿಲಲ್ಲಿ ನಿಂತರು. ಬಿಚ್ಚಿಟ್ಟ ಒಲೆಯನ್ನೂ ನನ್ನನ್ನೂ ನೋಡಿದರು.

"ಒಲೆಗೆ ದಬ್ಬಳ ಯಾಕೆ?" ಎಂದ ಚಿಕ್ಕಪ್ಪ.

ಅಜ್ಜಿ ಕುರ್ಚಿಯಲ್ಲೇ ಸರಿದು ಕೂತಳು. "ಸರಿ ಬಿಡಿ. ನಾನೇ ಚುಚ್ಚಿದ್ದು. ಉಸಿರು ಕಟ್ಟಿತ್ತು ಅದಕ್ಕೆ."

"ಏನು, ದಬ್ಬಳದಲ್ಲಾ!" ಚಿಕ್ಕಪ್ಪ ಬಲಗಡೆಯ ಬರ್ನರನ್ನು ಬೆಳಕಿಗೆ ಹಿಡಿದು ಹೊಟ್ಟೆ ಹಿಡಿದುಕೊಂಡು ನಕ್ಕ. "ಅಮ್ಮ, ಇದು ಒಲೆನೋ ಗೋಣಿಚೀಲಾನೋ? ಅಣ್ಣ, ನೋಡು, ತೂತಲ್ಲ ಇದು, ಬಾಗಿಲು! ಯಾರಾದ್ರೂ ಈ ತರ ತಲೆಗೆಟ್ಟ ಕೆಲಸ..."

"ಚಿಕ್ಕಪ್ಪ," ಎಂದೆ ನಾನು, "ಗ್ರೀಸ್ ಒರೆಸೋಕೆ ವ್ಯಾನಿಂದ ಒಂದು ಬಟ್ಟೆ ತಂದುಕೊಡ್ತೀರಾ?"

ಅವನ ನಗು ಅರ್ಧಕ್ಕೆ ನಿಂತಿತು. ಅಜ್ಜಿ ನಿಧಾನವಾಗಿ ಅವನತ್ತ ತಿರುಗಿದಳು.

"ಗ್ರೀಸಾ?"

"ಸ್ವಲ್ಪ," ಎಂದ ಚಿಕ್ಕಪ್ಪ. "ಅತ್ತಿಗೆ ಕೈ ನೋಯುತ್ತೆ ಅಂತ..."

"ಅದೇ ಗ್ರೀಸಿಂದ ಅಲ್ವಾ ನಾಲ್ಕು ದಿನದಿಂದ ನನ್ನ ಮಣಿಕಟ್ಟು ಹಿಡ್ಕೊಂಡಿರೋದು!" ಎಂದಳು ಅಮ್ಮ. ಆದರೆ ಬೈಗುಳದಲ್ಲಿ ನಗುವೂ ಇತ್ತು. ಅವನು ಬಟ್ಟೆ ತರಲು ಓಡಿದ. ನಾಬ್ ಕಿತ್ತು, ಅದರ ಕಂಬಿಯ ಮೇಲಿನ ಅಂಟನ್ನು ನಾವಿಬ್ಬರೂ ಸೇರಿ ಒರೆಸಿದೆವು. ಒಳಗಿನ ಭಾಗ ನಾನು ಮುಟ್ಟಲಿಲ್ಲ, ಅದು ಮೆಕ್ಯಾನಿಕ್ ಮಾಡುವ ಕೆಲಸ.

ಅಪ್ಪ ಸದ್ದಿಲ್ಲದೆ ನಡುಮನೆಗೆ ಜಾರುವುದರಲ್ಲಿದ್ದರು. "ಅಪ್ಪ, ರೆಗ್ಯುಲೇಟರ್ ಪೂರ್ತಿ ತಿರುಗಿಸಿದ್ರೆ ಎಲ್ಲಿಗೆ ಬರುತ್ತೆ ಅಂತ ಆಮೇಲೆ ತೋರಿಸ್ತೀರಾ?" ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಅರ್ಧ ಇಡ್ತಿದ್ದೆ," ಎಂದರು, ಯಾರೂ ಕೇಳದಿದ್ದರೂ. "ಸುರಕ್ಷೆಗೆ."

"ಅಯ್ಯೋ ನಿಮ್ಮ ಸುರಕ್ಷೆಗಿಷ್ಟು! ಅನ್ನ ಬೇಯೋಕೆ ಬೆಳಗಾಗ್ತಿತ್ತು ಇಲ್ಲಿ!" ಎಂದಳು ಅಮ್ಮ.

ಇನ್ನು ಉಳಿದದ್ದು ಕಷ್ಟದ್ದು. ಇಬ್ಬರ ಕಡೆಗೂ ನೋಡದೆ, ಪತ್ರಿಕೆಯ ಮೇಲಿನ ಯಾವುದೋ ಜಾಹೀರಾತು ನೋಡುತ್ತ ಹೇಳಿದೆ. "ಅಮ್ಮ, ಮೆಷಿನ್ನಿನ ಸ್ಕ್ರೂ ಡ್ರೈವರ್ ಬೇಕಿತ್ತು. ಚಿಕ್ಕಮ್ಮ, ನಿನ್ನ ಕತ್ತರಿ."

ಇಬ್ಬರೂ ಹೋದರು. ಇಬ್ಬರೂ ಬಂದರು. ಬಾಗಿಲಲ್ಲಿ ಎದುರಾಬದುರು ನಿಂತು ಒಬ್ಬರ ಕೈಯನ್ನೊಬ್ಬರು ನೋಡಿದರು.

"ನಿನ್ನನ್ಯಾಕೆ ಕತ್ತರಿ ಕೇಳಿದ್ಲು?" ಎಂದಳು ಅಮ್ಮ.

"ನಿಮ್ಮನ್ಯಾಕೆ ಸ್ಕ್ರೂ ಡ್ರೈವರ್ ಕೇಳಿದ್ಲು, ಅಕ್ಕಾ?"

ನಾನು ಒಲೆಯನ್ನು ವಾಲಿಸಿ ಉಂಗುರ ತೋರಿಸಿದೆ. ಅದರ ಪುಟ್ಟ ಸ್ಕ್ರೂವಿನ ತಲೆ ಸವೆದು ಮಿರಮಿರ ಹೊಳೆಯುತ್ತಿತ್ತು. ಕೊಳವೆಯ ಮೇಲೆ ಉಂಗುರ ಆಚೆ ಹೋದ ಗೀರು, ಈಚೆ ಬಂದ ಗೀರು, ಒಂದರ ಮೇಲೊಂದು. ಅವನ್ನು ನೋಡಿದ ಮೇಲೆ ನಾನು ಹೇಳಬೇಕಾದದ್ದು ಹೆಚ್ಚೇನೂ ಇರಲಿಲ್ಲ. ಆದರೂ ಹೇಳಿದೆ. ಗಾಳಿ ಹೆಚ್ಚಾದರೆ ಏನಾಗುತ್ತದೆ, ಕಡಿಮೆಯಾದರೆ ಏನಾಗುತ್ತದೆ. ಮಾತು ನಡುವೆ ಒಂದು ಸಲ ನಿಂತೂ ಹೋಯಿತು. ಯಾರೂ "ಆಮೇಲೆ?" ಎನ್ನಲಿಲ್ಲ, ಎಲ್ಲರೂ ಕಾದರು.

"ಬೆಳಿಗ್ಗೆ ಪೂರ್ತಿ ತೆರೆಯೋದು, ಸಂಜೆ ಪೂರ್ತಿ ಮುಚ್ಚೋದು," ಎಂದು ಮುಗಿಸಿದೆ. "ಒಲೆ ಕೆಟ್ಟಿರಲಿಲ್ಲ."

ಅಮ್ಮ ಸ್ಕ್ರೂ ಡ್ರೈವರನ್ನು ಸೆರಗಿನಲ್ಲಿ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. "ನನಗೆ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲೇ," ಎಂದಳು ಚಿಕ್ಕಮ್ಮನಿಗೆ.

"ಹೇಗೆ ಹೇಳ್ಲಿ ಅಕ್ಕಾ? ದಿನಾ ಕತ್ತಲಲ್ಲೇ ಎದ್ದು ಆ ಪಾತ್ರೆ ಗರಗರ ಅಂತ ಉಜ್ತಿದ್ರಿ. ಅಷ್ಟು ಕೋಪ ಬಂದಿರೋರ ಹತ್ತಿರ..."

"ಕೋಪಾನಾ?" ಎಂದಳು ಅಮ್ಮ. "ನೀನು ಏಳೋದ್ರೊಳಗೆ ಮಸಿ ಹೋಗ್ಲಿ, ನೋಡಿದ್ರೆ ನೊಂದ್ಕೋತೀಯ ಅಂತ ಉಜ್ಜಿದ್ದು ಕಣೇ ನಾನು! ಕೋಪ ಬಂದಿದ್ರೆ ನಿನ್ನ ಕೈಲೇ ಉಜ್ಜಿಸ್ತಿದ್ದೆ."

ಚಿಕ್ಕಮ್ಮ ನಗಲು ಹೋಗಿ ಅತ್ತಳು. ಅಮ್ಮ ಸೆರಗಿನಲ್ಲಿ ಅವಳ ಮುಖ ಒರೆಸಿದಳು. ಆ ಸೆರಗಿಗೆ ಸ್ಕ್ರೂ ಡ್ರೈವರಿನ ಮಸಿ ಅಂಟಿತ್ತಾದ್ದರಿಂದ ಚಿಕ್ಕಮ್ಮನ ಕೆನ್ನೆಯ ಮೇಲೆ ಒಂದು ಕಪ್ಪು ಗೆರೆ ಮೂಡಿತು. ಹೇಳಲು ಯಾರಿಗೂ ಮನಸ್ಸಾಗಲಿಲ್ಲ.

"ಅತ್ತಿದ್ದು ಸಾಕು, ಹೊಟ್ಟೆ ಹಸೀತಿದೆ," ಎಂದಳು ಅಜ್ಜಿ. "ಒಲೆ ಜೋಡಿಸಿ."

ಬರ್ನರುಗಳನ್ನು ತೊಳೆದು, ಒಂದು ಹನಿ ನೀರೂ ಉಳಿಯದ ಹಾಗೆ ಒರೆಸಿ ಕೂರಿಸಿದೆ. ಅಪ್ಪ ರೆಗ್ಯುಲೇಟರನ್ನು ಪೂರ್ತಿ ತಿರುಗಿಸಿದರು, ಪರೀಕ್ಷೆ ಬರೆಯುವವರ ಮುಖ ಮಾಡಿಕೊಂಡು. ಸೋಪಿನ ನೀರನ್ನು ಪೈಪಿನ ಎರಡು ತುದಿಗೂ ಸವರಿ, ಗುಳ್ಳೆ ಏಳುತ್ತದೆಯೇ ಎಂದು ಬಗ್ಗಿ ನೋಡುವ ಕೆಲಸವನ್ನು ಅವರೇ ಬೇಡಿ ಪಡೆದರು. ಗುಳ್ಳೆ ಏಳಲಿಲ್ಲ. ಅಷ್ಟಾದರೂ ಇನ್ನೊಮ್ಮೆ ಸವರಿದರು.

ಉಂಗುರ ಮುಟ್ಟಲು ಅಮ್ಮ, "ನೀನು ತಿರುಗಿಸು," ಎಂದಳು. ಚಿಕ್ಕಮ್ಮ, "ಇಲ್ಲ ಅಕ್ಕಾ, ನೀವು," ಎಂದಳು. ಇದು ಸಂಜೆಯವರೆಗೆ ನಡೆಯುತ್ತದೆಂದು ನನಗೆ ಭಯವಾಯಿತು. "ಅಮ್ಮ ತಿರುಗಿಸ್ಲಿ, ಚಿಕ್ಕಮ್ಮ ಉರಿ ನೋಡಿ ಹೇಳ್ಲಿ," ಎಂದೆ. ನನ್ನ ಮಾತನ್ನು ಇಬ್ಬರೂ ಕೇಳಿದರು. ಪ್ರತಿ ಸಲವೂ ಒಲೆ ಆರಿಸಿ ಉಂಗುರ ಸರಿಸುವುದು, ಮತ್ತೆ ಹಚ್ಚಿ ನೋಡುವುದು.

"ಹಳದಿ ಇದೆ ಅಕ್ಕಾ, ಇನ್ನೊಂದಿಷ್ಟು ತೆಗೀರಿ."

"ಈಗ?"

"ಈಗ ಹಾರ್ತಿದೆ. ಒಂದು ಕೂದಲೆಳೆ ಹಿಂದಕ್ಕೆ."

"ಈಗಲೋ?"

ಎಡಗಡೆಯ ಬರ್ನರಿನ ಸುತ್ತ ಸಣ್ಣ ಸಣ್ಣ ನೀಲಿ ಹಲ್ಲುಗಳು ಸಾಲಾಗಿ, ಅಲುಗದೆ ನಿಂತಿದ್ದವು. ಸದ್ದೇ ಇರಲಿಲ್ಲ. ಅಮ್ಮ ಬಗ್ಗಿ ನೋಡಿದಳು. ಇಬ್ಬರ ತಲೆಗಳೂ ಅಕ್ಕಪಕ್ಕ. ಅವರು ಒಂದೇ ಉರಿಯನ್ನು ಒಟ್ಟಿಗೆ ನೋಡಿದ್ದು ಎಷ್ಟು ಕಾಲದ ಮೇಲೋ.

ಬಲಗಡೆಯದು ಮಾತ್ರ ಬಗ್ಗಲಿಲ್ಲ. ಅಜ್ಜಿ ತೆರೆದ ಬಾಗಿಲಿಂದ ಉರಿ ನಾಲಿಗೆ ಚಾಚುತ್ತಲೇ ಇತ್ತು. ಅದರ ತಲೆಯನ್ನೇ ಬದಲಾಯಿಸಬೇಕು, ಅಲ್ಲಿಯವರೆಗೆ ಅದನ್ನು ಹಚ್ಚುವುದು ಬೇಡ ಎಂದೆ.

"ಅದಕ್ಕೆ ಹೊಸ ಒಲೆ ಇದೆಯಲ್ಲ," ಎಂದ ಚಿಕ್ಕಪ್ಪ, ಅಭ್ಯಾಸಬಲದಿಂದ.

"ರೀ," ಎಂದಳು ಚಿಕ್ಕಮ್ಮ, "ಆ ಪೆಟ್ಟಿಗೆ ಬಿಚ್ಚಬೇಡಿ."

"ಅಂಗಡಿಯವನಿಗೆ ಏನು ಹೇಳ್ಲಿ ಈಗ?"

"ಹೆಂಡತಿ ಬೇಡ ಅಂದ್ಲು ಅನ್ನು," ಎಂದಳು ಅಜ್ಜಿ. "ಅವನಿಗೂ ಒಬ್ಬಳು ಇರ್ತಾಳೆ, ಅರ್ಥ ಆಗುತ್ತೆ."

"ಮತ್ತೆ ಮೇಲಿನ ರೂಮು?"

ಚಿಕ್ಕಮ್ಮ ಅಮ್ಮನನ್ನು ನೋಡಿದಳು. ಅಮ್ಮ ಸ್ವಲ್ಪ ಯೋಚಿಸಿದಳು. "ಮಲಗೋಕೆ ಮೇಲೆ ಹೋಗಿ. ಇಲ್ಲಿ ಆ ಮೂಲೆ ಕೋಣೇಲಿ ನೀವಿಬ್ರೂ ಎಷ್ಟು ದಿನ ಅಂತ ಮಡಚ್ಕೊಂಡು ಮಲಗ್ತೀರಿ? ಊಟಕ್ಕೆ ಮಾತ್ರ ಕೆಳಗೆ." ಆಮೇಲೆ, ಇಷ್ಟು ದಿನ ಯಾರೂ ಯಾರ ಹತ್ತಿರವೂ ಬಳಸದಿದ್ದ ದನಿಯಲ್ಲಿ ಹೇಳಿದಳು, "ನನಗೆ ನೀನು ಇಲ್ಲಿ ಬೇಕು."

ಚಿಕ್ಕಮ್ಮ ಕಪಾಟಿನ ಕೆಳಗೆ ಸಾಲಾಗಿ ಇಳಿಸಿಟ್ಟಿದ್ದ ತನ್ನ ಡಬ್ಬಿಗಳನ್ನು ಒಂದೊಂದಾಗಿ ಮೇಲೆ ಜೋಡಿಸತೊಡಗಿದಳು. ನಾನು ಅಕ್ಕಿ ತೊಳೆಯುವ ನೆಪದಲ್ಲಿ ಸಿಂಕಿನ ಕಡೆ ತಿರುಗಿ ನಿಂತೆ. ಅಕ್ಕಿಯಲ್ಲಿ ಅರ್ಧ ನೀರಿನ ಜೊತೆ ಹೋಯಿತು.

ಬರ್ನರಿನ ತಲೆ ಸಿಗುವುದಕ್ಕೆ ಕೆಲವು ದಿನ ಹಿಡಿಯಿತು. ಅಷ್ಟು ದಿನ ಒಂದೇ ಉರಿಯಲ್ಲಿ ಆರು ಜನರ ಅಡುಗೆಯಾಗಬೇಕಿತ್ತು. ಒಬ್ಬರ ಪಾತ್ರೆ ಇಳಿದ ಮೇಲೆ ಇನ್ನೊಬ್ಬರದು ಏರಬೇಕು; ಹಾಗಾಗಿ ಬೆಳಿಗ್ಗೆ ಚಿಕ್ಕಮ್ಮ ಬೇಗ ಎದ್ದು ಬಂದಳು, ಸಂಜೆ ಅಮ್ಮ ಮೆಷಿನ್ ನಿಲ್ಲಿಸಿ ಬಂದಳು. ನನ್ನ ಮಣೆಗೆ ಜಾಗ ಕಡಿಮೆಯಾಯಿತು. ಇಬ್ಬರೂ ಬಾಣಲೆ ನೋಡುತ್ತಿದ್ದರು, ನಾನು ಮಾತಾಡುತ್ತಿದ್ದೆ. ಅಮ್ಮ ಆಗಾಗ, "ಇದನ್ನೆಲ್ಲ ನನಗೆ ಯಾವತ್ತೂ ಹೇಳೇ ಇಲ್ವಲ್ಲೇ ನೀನು," ಎನ್ನುವುದು. ಚಿಕ್ಕಮ್ಮ, "ಶ್, ಅಕ್ಕಾ, ಸುಮ್ನಿರಿ," ಎನ್ನುವುದು.

ಅಜ್ಜಿ ಒಂದು ಕಾನೂನು ಮಾಡಿದಳು. ಇನ್ನು ಮುಂದೆ ಈ ಮನೆಯಲ್ಲಿ ಒಲೆಯ ಒಂದು ಸ್ಕ್ರೂ ಮುಟ್ಟಬೇಕಾದರೂ ಮೊದಲು ಎಲ್ಲರಿಗೂ ಕೇಳಿಸುವ ಹಾಗೆ ಕೂಗಿ ಹೇಳಬೇಕು. ಮೊದಮೊದಲು ಎಲ್ಲರಿಗೂ ನಾಚಿಕೆ. ಅಪ್ಪ ರಾತ್ರಿ ರೆಗ್ಯುಲೇಟರ್ ಬಂದ್ ಮಾಡುವಾಗ ಕೆಮ್ಮಿ, "ಮುಚ್ತಾ ಇದ್ದೀನಿ," ಎಂದು ಗೊಣಗುತ್ತಿದ್ದರು. ಚಿಕ್ಕಪ್ಪನಿಗೆ ಅದೇ ಆಟವಾಯಿತು, ಮೆಟ್ಟಿಲ ಮೇಲಿಂದಲೇ, "ಲೈಟರ್ ಎತ್ಕೋತಾ ಇದ್ದೀನಿ! ಯಾರದಾದ್ರೂ ಅಭ್ಯಂತರ?" ಎಂದು ಕೂಗುತ್ತ ಬರುವನು.

ಹೊಸ ಬರ್ನರು ಬಂದ ವಾರ, ಚಿಕ್ಕಪ್ಪನಿಗೆ ರಜೆಯಿದ್ದ ಭಾನುವಾರ ಬೆಳಿಗ್ಗೆ ಹಾಲು ಉಕ್ಕಿ ಎಡಗಡೆಯ ತೂತುಗಳಲ್ಲಿ ಇಳಿಯಿತು. ಉರಿಯ ಒಂದು ಮೂಲೆ ಹಳದಿಯಾಯಿತು. ಅಮ್ಮ ಹೊಲಿಗೆಯ ಬಟ್ಟೆ ತರಲು ಹೋಗಿದ್ದಳು, ಚಿಕ್ಕಮ್ಮ ಸ್ನಾನದ ಮನೆಯಲ್ಲಿದ್ದಳು. ಒಲೆ ಆರಿಸಿ, ತಣಿಯಲು ಬಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ ತಂದೆ. ಬರ್ನರಿನ ತಲೆಯ ಮೇಲೆ ಕೈಯಿಟ್ಟಾಗ ಅಜ್ಜಿ ಕುರ್ಚಿಯಿಂದ ನನ್ನನ್ನೇ ನೋಡುತ್ತಿದ್ದಳು. ಹುಬ್ಬು ಏರಿಸಿದಳು.

ಉಸಿರು ಎಳೆದುಕೊಂಡೆ. "ನಾನು ಒಲೆ ಮುಟ್ತಾ ಇದ್ದೀನಿ!"

"ಏನಾಯ್ತು ಅದಕ್ಕೆ?" ಎಂದು ಸ್ನಾನದ ಮನೆಯಿಂದ ಚಿಕ್ಕಮ್ಮ. "ರೆಗ್ಯುಲೇಟರ್ ಮುಚ್ಚಿದ್ಯಾ?" ಎಂದು ಕನ್ನಡಿಯ ಮುಂದಿನಿಂದ ಅಪ್ಪ. ಮೇಲಿನ ಮೆಟ್ಟಿಲಿಂದ ಚಿಕ್ಕಪ್ಪ, "ಇಲಿಮರಿ ಕೂಗಿದ್ದಾ ಅದು? ನಾನು ರಸ್ತೇಲಿ ಯಾರೋ ಅಂದ್ಕೊಂಡೆ!"

"ಹಾಲು ಉಕ್ಕಿದೆ, ಬರ್ನರ್ ತೊಳೀತೀನಿ!" ಎಂದು ಎಲ್ಲರಿಗೂ ಒಟ್ಟಿಗೇ ಕೂಗಿ ಹೇಳಿ, ಬ್ರಷ್ಷಿಗೆ ಸೋಪು ಹಚ್ಚಿಕೊಂಡೆ.